ಗುಲ್ಬರ್ಗಾ ಹೆಸರಿನ ಜಾಲತಾಣಕ್ಕೆ ಹೊಸ ರೂಪ: ಯಾವ ವಿಳಾಸ ಉಳಿಯಬೇಕು, ಯಾವುದು ಬದಲಾಗಬಹುದು?

ಕಲಬುರಗಿಯ ಗಂಜ್ ಎಂಬ ಸಗಟು ಮಾರುಕಟ್ಟೆಯ ದಾಲ್ ಮಿಲ್ಲುಗಳಿಗೆ, ಕಾಲೇಜುಗಳಿಗೆ, ಆಸ್ಪತ್ರೆಗಳಿಗೆ ಜಾಲತಾಣ ಮಾಡಿಕೊಡುವ ನನ್ನಂಥವರ ಬಳಿ ಬೇಡಿಕೆ ಸಾಮಾನ್ಯವಾಗಿ ಒಂದೇ ಉಸಿರಿನಲ್ಲಿ ಬರುತ್ತದೆ. ಹಳೆಯ ಸೈಟು ಮೊಬೈಲಿನಲ್ಲಿ ನೆಟ್ಟಗೆ ಕಾಣುವುದಿಲ್ಲ, ಹೊಸದು ಮಾಡಿಕೊಡಿ, ಹೆಸರಿನಲ್ಲಿ ಇನ್ನೂ ಗುಲ್ಬರ್ಗಾ ಇದೆ, ಅದನ್ನು ಕಲಬುರಗಿ ಮಾಡಿ, ಕನ್ನಡದಲ್ಲಿಯೂ ಪುಟಗಳಿರಲಿ, ಆದರೆ ಗೂಗಲ್‌ನಲ್ಲಿ ಈಗಿರುವ ಸ್ಥಾನ ಮಾತ್ರ ಕದಲಬಾರದು. ಇವು ನಾಲ್ಕು ಬೇರೆ ಬೇರೆ ಕೆಲಸಗಳು, ಮತ್ತು ಮೊದಲ ಮೂರನ್ನೂ ಒಂದೇ ರಾತ್ರಿ ಮಾಡಿದರೆ ನಾಲ್ಕನೆಯದನ್ನು ಕಾಪಾಡುವುದು ಕಷ್ಟ. ಸ್ಥಾನ ಕುಸಿದಾಗ ಕುಸಿದದ್ದು ವಿನ್ಯಾಸದಿಂದಲೋ, ವಿಳಾಸದಿಂದಲೋ, ಭಾಷೆಯಿಂದಲೋ ಎಂದು ಯಾರಿಗೂ ಹೇಳಲು ಬರುವುದಿಲ್ಲ.

ಹೀಗಾಗಿ ಎದುರಿಗಿರುವ ದಾರಿಗಳನ್ನು ಒಂದೊಂದಾಗಿ ಬಿಡಿಸಿ ನೋಡಬೇಕಾಗುತ್ತದೆ. ಹಳೆಯ ವಿಳಾಸಗಳನ್ನೆಲ್ಲ ಹಾಗೆಯೇ ಇಟ್ಟು ರೂಪವನ್ನಷ್ಟೇ ಬದಲಿಸುವುದು ಒಂದು ದಾರಿ; ಡೊಮೇನ್, ಅಂದರೆ ಸೈಟಿನ ಮುಖ್ಯ ಹೆಸರನ್ನು, ಉಳಿಸಿಕೊಂಡು ಒಳಗಿನ ಪುಟಗಳ ವಿಳಾಸ ಬದಲಿಸುವುದು ಇನ್ನೊಂದು; ಡೊಮೇನನ್ನೇ ಬಿಟ್ಟು ಹೊಸದಕ್ಕೆ ಹೋಗುವುದು ಮೂರನೆಯದು. ನನ್ನ ಒಲವು ಮೊದಲನೆಯದರ ಕಡೆಗೇ ಎಂಬುದನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ. ಆದರೆ ಅದು ಎಲ್ಲರಿಗೂ ಒದಗುವುದಿಲ್ಲ.

ಆಯ್ಕೆಗೆ ಮೊದಲು ಲೆಕ್ಕ

ಯಾವ ಪುಟ ಎಷ್ಟು ಜನರನ್ನು ತರುತ್ತಿದೆ ಎಂಬ ಲೆಕ್ಕವಿಲ್ಲದೆ ದಾರಿಯನ್ನು ಆರಿಸಲಾಗದು. ಗೂಗಲ್ ಶೋಧದಲ್ಲಿ ಸೈಟು ಹೇಗೆ ಕಾಣಿಸುತ್ತಿದೆ ಎಂದು ಮಾಲೀಕರಿಗೆ ತೋರಿಸುವ ಗೂಗಲ್ ಸರ್ಚ್ ಕನ್ಸೋಲ್ ಹಿಂದಿನ 16 ತಿಂಗಳ ವಿವರವನ್ನು ಇಟ್ಟುಕೊಂಡಿರುತ್ತದೆ. ಅದಕ್ಕಿಂತ ಹಿಂದಿನದು ಅಳಿದುಹೋಗುವುದರಿಂದ ಕೆಲಸ ಆರಂಭಿಸುವ ದಿನವೇ ಅದನ್ನು ಇಳಿಸಿಕೊಂಡು ಇಡಬೇಕು. ಪರದೆಯಿಂದ ಇಳಿಸುವಾಗ ಒಮ್ಮೆಗೆ 1,000 ಸಾಲುಗಳಷ್ಟೇ ದೊರೆಯುತ್ತವೆ, ಆದರೆ ನಮ್ಮ ಭಾಗದ ಬಹುತೇಕ ಸಣ್ಣ ಸೈಟುಗಳಿಗೆ ಅದು ಧಾರಾಳವಾಗಿ ಸಾಕು. ಸೈಟಿನ ಎಲ್ಲ ವಿಳಾಸಗಳನ್ನು ಹೆಕ್ಕಿ ಕೊಡುವ ಸ್ಕ್ರೀಮಿಂಗ್ ಫ್ರಾಗ್‌ನಂಥ ತಂತ್ರಾಂಶ 500 ವಿಳಾಸಗಳವರೆಗೆ ಉಚಿತ. ಹಳೆಯ ಸೈಟು ಆಗಲೇ ಅಳಿದುಹೋಗಿದ್ದರೆ ಹಳೆಯ ಪುಟಗಳ ಪ್ರತಿಗಳನ್ನು ಕಾಪಿಡುವ ವೇಬ್ಯಾಕ್ ಮೆಷಿನ್‌ನಲ್ಲಿ ಹುಡುಕಿ ವಿಳಾಸಗಳನ್ನು ಒಟ್ಟುಮಾಡಬಹುದು. ಬೇಸರದ ಕೆಲಸ, ಆದರೆ ಆಗುತ್ತದೆ.

ಈ ಪಟ್ಟಿಯಲ್ಲಿ ಜನ ಸಾಮಾನ್ಯವಾಗಿ ಮರೆಯುವುದು ಪಿಡಿಎಫ್‌ಗಳನ್ನು. ಕಾಲೇಜಿನ ಸೈಟುಗಳಲ್ಲಿ ಪ್ರವೇಶದ ಕೈಪಿಡಿ, ಶುಲ್ಕದ ವಿವರ, ಹಳೆಯ ಪ್ರಶ್ನೆಪತ್ರಿಕೆಗಳ ಪಿಡಿಎಫ್‌ಗಳೇ ಮುಖಪುಟಕ್ಕಿಂತ ಹೆಚ್ಚು ಜನರನ್ನು ತರುವುದನ್ನು ನಾನು ಕಂಡಿದ್ದೇನೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ಗೆ ಸಲ್ಲಿಸುವ ಸ್ವಯಂ ಅಧ್ಯಯನ ವರದಿಯಲ್ಲಿ ಕಾಲೇಜುಗಳು ತಮ್ಮ ಸೈಟಿನ ಕಡತಗಳಿಗೆ ಕೊಂಡಿ ಕೊಟ್ಟಿರುತ್ತವೆ. ಹೊಸ ಸೈಟಿನಲ್ಲಿ ಆ ಕಡತಗಳು ಬೇರೆ ಕಪಾಟಿಗೆ ಹೋದರೆ ನಷ್ಟ ಗೂಗಲ್ ಸ್ಥಾನಕ್ಕಷ್ಟೇ ನಿಲ್ಲುವುದಿಲ್ಲ, ಪ್ರಾಂಶುಪಾಲರ ಕೊಠಡಿಯವರೆಗೂ ಹೋಗುತ್ತದೆ.

ಮೊದಲ ದಾರಿ: ವಿಳಾಸ ಹಳೆಯದು, ರೂಪ ಹೊಸದು

ವಿಳಾಸಗಳು ಬದಲಾಗದಿದ್ದರೆ ಗೂಗಲ್‌ಗೆ ಹೊಸದಾಗಿ ಪರಿಚಯ ಮಾಡಿಕೊಡಬೇಕಾದದ್ದು ಏನೂ ಇರುವುದಿಲ್ಲ. ಬೇರೆ ಸೈಟುಗಳಿಂದ ಬಂದ ಕೊಂಡಿಗಳು, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹಂಚಿಹೋದ ಲಿಂಕುಗಳು, ಅಕ್ಕಿ-ಬೇಳೆ ಚೀಲದ ಮೇಲೆ ಅಚ್ಚಾದ ಹೆಸರು ಎಲ್ಲವೂ ಇದ್ದಲ್ಲೇ ಕೆಲಸ ಮಾಡುತ್ತವೆ. ಸೈಟು ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ ಥೀಮ್ (ಹೊರರೂಪ) ಮಾತ್ರ ಬದಲಿಸುವವರಿಗೆ ಇದು ಸಹಜವಾಗಿಯೇ ಒದಗುತ್ತದೆ. ಹಳೆಯ ಪಿಎಚ್‌ಪಿ ಸೈಟಿನಿಂದ ಹೊಸ ವ್ಯವಸ್ಥೆಗೆ ಹೋಗುವವರೂ ಸ್ವಲ್ಪ ಶ್ರಮ ವಹಿಸಿದರೆ ಹಳೆಯ ವಿಳಾಸದ ರೂಪವನ್ನೇ ಉಳಿಸಿಕೊಳ್ಳಬಹುದು, ಏಕೆಂದರೆ ವಿಳಾಸದ ಕೊನೆಯಲ್ಲಿರುವ ಡಾಟ್ ಪಿಎಚ್‌ಪಿ ಎಂಬ ಬಾಲದಿಂದ ಶೋಧ ಸ್ಥಾನಕ್ಕೆ ಯಾವ ಕೇಡೂ ಇಲ್ಲ. ಅದು ಕಣ್ಣಿಗೆ ಚೆಂದವಿಲ್ಲ, ಅಷ್ಟೆ.

ಆದರೆ ವಿಳಾಸ ಉಳಿದ ಮಾತ್ರಕ್ಕೆ ಸ್ಥಾನ ಉಳಿದೀತೆಂದು ನಿಶ್ಚಿಂತರಾಗುವಂತಿಲ್ಲ. ಪುಟದ ಶೀರ್ಷಿಕೆ, ಒಳಗಿನ ತಲೆಬರಹಗಳು, ಪಠ್ಯ ಇವುಗಳ ಮೇಲೆಯೇ ಸ್ಥಾನ ನಿಂತಿರುವುದು. ಹೊಸ ವಿನ್ಯಾಸಗಾರರು ಮೊದಲು ಮಾಡುವ ಕೆಲಸವೆಂದರೆ ಹಳೆಯ ಪುಟದ ನಾಲ್ಕು ಪ್ಯಾರಾ ತೆಗೆದುಹಾಕಿ, ಅಲ್ಲಿ ಒಂದು ದೊಡ್ಡ ಬ್ಯಾನರ್ ಚಿತ್ರವನ್ನು ಕೂರಿಸುವುದು. ತೊಗರಿಬೇಳೆಯ ದರ್ಜೆ, ಚೀಲದ ತೂಕ, ಕನಿಷ್ಠ ಆರ್ಡರು, ಸಾಗಣೆಯ ವಿವರ ಎಲ್ಲ ಚಿತ್ರದೊಳಗೆ ಸೇರಿಹೋದ ಮೇಲೆ ಆ ಪುಟ ಯಾವುದರ ಬಗ್ಗೆ ಎಂಬುದಕ್ಕೆ ಗೂಗಲ್‌ಗೆ ದೊರೆಯುವ ಪುರಾವೆ ತೀರ ತೆಳ್ಳಗಾಗುತ್ತದೆ. ಗೂಗಲ್ ಈಗ ಪುಟದ ಮೊಬೈಲ್ ರೂಪವನ್ನೇ ಓದಿ ದಾಖಲಿಸಿಕೊಳ್ಳುತ್ತದೆ. 2016ರಲ್ಲಿ ಘೋಷಿಸಿದ ಈ ಬದಲಾವಣೆ 2023ರ ಅಕ್ಟೋಬರ್ ಹೊತ್ತಿಗೆ ಬಹುಮಟ್ಟಿಗೆ ಮುಗಿಯಿತು. ಆದುದರಿಂದ ಕಂಪ್ಯೂಟರಿನಲ್ಲಿ ಪಠ್ಯ ತೋರಿಸಿ, ಮೊಬೈಲಿನಲ್ಲಿ ಜಾಗ ಸಾಲದೆಂದು ಕತ್ತರಿಸಿದರೆ ಕತ್ತರಿಸಿದ್ದೇ ಲೆಕ್ಕಕ್ಕೆ ಬರುತ್ತದೆ.

ವೇಗದ ವಿಷಯವನ್ನು ಮಾರಾಟಗಾರರು ಅಗತ್ಯಕ್ಕಿಂತ ದೊಡ್ಡದು ಮಾಡುತ್ತಾರೆ. ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪ್ರತಿಕ್ರಿಯೆ ಬರಬೇಕು ಎಂಬ ಗೂಗಲ್‌ನ ಅಳತೆಗಳು ನಿಜ. ಆದರೆ ಪಠ್ಯ ಕಳೆದುಕೊಂಡ ವೇಗದ ಪುಟಕ್ಕಿಂತ ಪಠ್ಯ ಉಳಿಸಿಕೊಂಡ ನಿಧಾನದ ಪುಟವೇ ಮೇಲು.

ಇಲ್ಲಿ ನನ್ನ ಒಂದು ತಪ್ಪನ್ನು ಹೇಳಬೇಕು. ವರ್ಡ್‌ಪ್ರೆಸ್‌ನ ಸೆಟ್ಟಿಂಗ್ಸ್‌ನಲ್ಲಿ, ರೀಡಿಂಗ್ ವಿಭಾಗದಲ್ಲಿ, ಶೋಧ ಯಂತ್ರಗಳು ಈ ಸೈಟನ್ನು ದಾಖಲಿಸದಂತೆ ತಡೆಯುವ ಒಂದು ಚಿಕ್ಕ ಚೌಕವಿದೆ. ಹೊಸ ಸೈಟು ಸಿದ್ಧವಾಗುವವರೆಗೆ ಅದನ್ನು ಗುರುತು ಮಾಡಿದ್ದೆ. ಸೈಟು ತೆರೆದ ದಿನ ಅಳಿಸುವುದು ಮರೆತೆ. ಒಂಬತ್ತನೆಯ ದಿನ ಮಾಲೀಕರು ಫೋನು ಮಾಡಿ, ನಮ್ಮ ಹೆಸರನ್ನೇ ಬರೆದರೂ ನಾವು ಸಿಗುತ್ತಿಲ್ಲ ಎಂದಾಗಲೇ ನನಗೆ ಹೊಳೆದದ್ದು. ಅಂದಿನಿಂದ ಪರೀಕ್ಷೆಯ ಸೈಟಿಗೆ ಈ ಚೌಕವನ್ನು ನಂಬುವುದನ್ನೇ ಬಿಟ್ಟು ಪಾಸ್‌ವರ್ಡ್ ಹಾಕುತ್ತೇನೆ. ಪಾಸ್‌ವರ್ಡ್ ತೆಗೆಯಲು ಮರೆತರೆ ಮೊದಲ ಐದು ನಿಮಿಷದಲ್ಲಿಯೇ ಯಾರಾದರೂ ಬೈಯುತ್ತಾರೆ. ಆ ಚೌಕವಾದರೋ ಸದ್ದಿಲ್ಲದೆ ಕೊಲ್ಲುತ್ತದೆ. ಹಳೆಯ ಥೀಮಿನೊಳಗೆ ಬರೆದಿದ್ದ ಸೈಟು ನಿಮ್ಮದೇ ಎಂದು ಸರ್ಚ್ ಕನ್ಸೋಲ್‌ಗೆ ತೋರಿಸುವ ಖಾತರಿ ಟ್ಯಾಗ್ ಕೂಡ ಹೊಸ ಥೀಮಿನೊಂದಿಗೆ ಮಾಯವಾಗಬಹುದು, ಹಾಗಾಗಿ ಖಾತರಿಯನ್ನು ಡಿಎನ್‌ಎಸ್ (ಡೊಮೇನ್ ಹೆಸರನ್ನು ಸರ್ವರಿಗೆ ಜೋಡಿಸುವ ದಾಖಲೆ) ಮೂಲಕವೇ ಮಾಡಿಕೊಳ್ಳುವುದು ಕ್ಷೇಮ.

ಎರಡನೆಯ ದಾರಿ: ಅದೇ ಡೊಮೇನ್, ಹೊಸ ಪುಟವಿಳಾಸಗಳು

ಹಳೆಯ ವಿಳಾಸಗಳಿಗೆ ಯಾವ ಕ್ರಮವೂ ಇಲ್ಲದಿದ್ದಾಗ, ಪ್ರತಿ ಉತ್ಪನ್ನವೂ ಒಂದು ಅಂಕಿಯ ಹಿಂದೆ ಅಡಗಿದ್ದಾಗ, ಅಥವಾ ಹೊಸ ವ್ಯವಸ್ಥೆ ಹಳೆಯ ರೂಪವನ್ನು ಒಪ್ಪದಿದ್ದಾಗ ಈ ದಾರಿ ಅನಿವಾರ್ಯವಾಗುತ್ತದೆ. ಇಲ್ಲಿ ಎಲ್ಲವೂ ನಿಂತಿರುವುದು ಒಂದು ಎಕ್ಸೆಲ್ ಹಾಳೆಯ ಮೇಲೆ: ಎಡಗಡೆ ಹಳೆಯ ವಿಳಾಸ, ಬಲಗಡೆ ಅದಕ್ಕೆ ಸರಿಹೊಂದುವ ಹೊಸ ವಿಳಾಸ. ಹಾಳೆ ತುಂಬುವ ತಾಳ್ಮೆ ಇಲ್ಲದವರು ಈ ದಾರಿ ಹಿಡಿಯಬಾರದು.

ಹಳೆಯ ವಿಳಾಸಕ್ಕೆ ಬಂದವರನ್ನು ತಾನಾಗಿ ಹೊಸದಕ್ಕೆ ಕಳಿಸುವ ರೀಡೈರೆಕ್ಟ್‌ಗಳಲ್ಲಿ ಬಗೆಗಳಿವೆ, ಮತ್ತು ಅವು ಒಂದಕ್ಕೊಂದು ಬದಲಿಯಲ್ಲ. ಸರ್ವರ್ ಕೊಡುವ ಉತ್ತರದ ಸಂಕೇತ 301 ಅಥವಾ 308 ಎಂದರೆ ಪುಟ ಶಾಶ್ವತವಾಗಿ ಹೋಗಿದೆ ಎಂದು. 302 ಮತ್ತು 307 ಎಂದರೆ ತಾತ್ಕಾಲಿಕವಾಗಿ ಹೋಗಿದೆ ಎಂದು. ಮೊದಲ ಜೋಡಿಯನ್ನು ಗೂಗಲ್ ಹೊಸ ವಿಳಾಸವೇ ಇನ್ನು ಮುಂದೆ ನಿಜವಾದದ್ದು ಎಂಬುದಕ್ಕೆ ಬಲವಾದ ಸೂಚನೆಯೆಂದು ತೆಗೆದುಕೊಳ್ಳುತ್ತದೆ, ಎರಡನೆಯದನ್ನು ದುರ್ಬಲ ಸೂಚನೆಯೆಂದು. ರೀಡೈರೆಕ್ಟ್ ಮಾಡಿದರೆ ಪುಟದ ಬಲ ಒಂದಿಷ್ಟು ಸೋರಿಹೋಗುತ್ತದೆ ಎಂಬ ನಂಬಿಕೆ ಇನ್ನೂ ನಮ್ಮಲ್ಲಿ ಓಡಾಡುತ್ತಿದೆ; ಹಾಗೆ ಸೋರುವುದಿಲ್ಲವೆಂದು ಗೂಗಲ್‌ನವರು 2016ರಲ್ಲೇ ಸ್ಪಷ್ಟಪಡಿಸಿದ್ದಾರೆ. ಜಾವಾಸ್ಕ್ರಿಪ್ಟ್ ಮೂಲಕ ಮಾಡುವ ರೀಡೈರೆಕ್ಟ್ ಕೆಲಸ ಮಾಡದೆ ಇರದು, ಆದರೆ ಗೂಗಲ್ ಪುಟವನ್ನು ಪೂರ್ತಿ ಚಾಲನೆಗೆ ತಂದು ನೋಡಿದರೆ ಮಾತ್ರ ಅದು ಕಾಣಿಸುತ್ತದೆ. ಸರ್ವರ್‌ನಲ್ಲೇ ಮಾಡುವ ಅನುಕೂಲವಿದ್ದವರಿಗೆ ಅದರ ಗೊಡವೆ ಬೇಡ.

ಸೋಮಾರಿತನದ ಉಪಾಯವೊಂದು ಎಲ್ಲೆಡೆ ಕಾಣುತ್ತದೆ. ಹಳೆಯ ಪುಟಗಳನ್ನೆಲ್ಲ ಸಾರಾಸಗಟಾಗಿ ಮುಖಪುಟಕ್ಕೆ ತಿರುಗಿಸಿಬಿಡುವುದು. ಯಾದಗಿರಿಯ ಹತ್ತಿ ಖರೀದಿಯ ವಿವರ ಕೇಳಿ ಬಂದವನನ್ನು ಸಂಸ್ಥೆಯ ಸ್ಥಾಪಕರ ಭಾವಚಿತ್ರದ ಮುಂದೆ ತಂದು ನಿಲ್ಲಿಸಿದರೆ ಅವನು ಮರಳಿ ಹೋಗುತ್ತಾನೆ, ಗೂಗಲ್ ಕೂಡ ಅದನ್ನು ಮೆಲು-404 ಎಂದು, ಅಂದರೆ ಪುಟ ಇಲ್ಲವೆಂದೇ ಪರಿಗಣಿಸುತ್ತದೆ. ಸರಿಹೊಂದುವ ಹೊಸ ಪುಟವಿಲ್ಲದಿದ್ದರೆ ನೇರವಾಗಿ 404 (ಪುಟ ಸಿಗಲಿಲ್ಲ) ಅಥವಾ 410 (ಪುಟ ತೆಗೆಯಲಾಗಿದೆ) ಕೊಡುವುದೇ ಪ್ರಾಮಾಣಿಕ. ಮಾರಾಟ ನಿಲ್ಲಿಸಿದ ಸರಕಿನ ಪುಟ ಹೋದರೆ ಹೋಗಲಿ.

ತಾಂತ್ರಿಕವಾಗಿ ಎಡವುವ ಎರಡು ಜಾಗಗಳನ್ನು ಹೇಳುತ್ತೇನೆ. ವಿಂಡೋಸ್ ಸರ್ವರಿನಲ್ಲಿದ್ದ ಹಳೆಯ ಸೈಟುಗಳಲ್ಲಿ ವಿಳಾಸದ ಇಂಗ್ಲಿಷ್ ಅಕ್ಷರ ದೊಡ್ಡದಿದ್ದರೂ ಚಿಕ್ಕದಿದ್ದರೂ ಒಂದೇ ಪುಟ ತೆರೆಯುತ್ತಿತ್ತು. ಲಿನಕ್ಸ್ ಸರ್ವರಿಗೆ ಬಂದ ಮೇಲೆ ಅವೆರಡೂ ಬೇರೆ ಬೇರೆ ವಿಳಾಸಗಳು. ಕೊಂಡಿಗಳಲ್ಲಿ ಎರಡೂ ಬಗೆ ಬಳಕೆಯಲ್ಲಿದ್ದರೆ ಎರಡಕ್ಕೂ ದಾರಿ ಬರೆಯಬೇಕು. ಇನ್ನೊಂದು, ಅಪಾಚೆ ಸರ್ವರಿನ ಎಚ್‌ಟಿ ಆಕ್ಸೆಸ್ ಕಡತದಲ್ಲಿ ಬರೆದಿಟ್ಟ ನಿಯಮಗಳನ್ನು ಎಂಜಿನ್‌ಎಕ್ಸ್ ಎಂಬ ಇನ್ನೊಂದು ಸರ್ವರ್ ತಂತ್ರಾಂಶ ಓದುವುದೇ ಇಲ್ಲ. ಹೋಸ್ಟಿಂಗ್ ಬದಲಿಸಿದ ಮರುದಿನ ರೀಡೈರೆಕ್ಟ್‌ಗಳೆಲ್ಲ ಸತ್ತುಹೋಗಿವೆ ಎಂದು ಬರುವ ದೂರುಗಳಿಗೆ ಎಷ್ಟೋ ಸಲ ಇದೇ ಕಾರಣ. ಜೊತೆಗೆ, ಐದು ವರ್ಷದ ಹಿಂದೊಮ್ಮೆ, ಎರಡು ವರ್ಷದ ಹಿಂದೊಮ್ಮೆ ವಿಳಾಸ ಬದಲಿಸಿದ ಸೈಟಿನಲ್ಲಿ ಒಂದರ ಬೆನ್ನಿಗೆ ಒಂದು ರೀಡೈರೆಕ್ಟ್ ಸೇರಿ ಸರಪಳಿಯಾಗಿರುತ್ತದೆ. ಗೂಗಲ್‌ಗಾಗಿ ಪುಟಗಳನ್ನು ಓದಲು ಬರುವ ಗೂಗಲ್‌ಬಾಟ್ ಹತ್ತು ಜಿಗಿತಗಳವರೆಗೆ ಹಿಂಬಾಲಿಸುತ್ತದೆಯಾದರೂ ಮೊದಲ ವಿಳಾಸದಿಂದ ಇಂದಿನ ವಿಳಾಸಕ್ಕೆ ಒಂದೇ ಜಿಗಿತವಿರುವಂತೆ ನಿಯಮಗಳನ್ನು ತಿದ್ದಿಬಿಡುವುದು ಒಳ್ಳೆಯದು. ಹಳೆಯ ವಿಳಾಸಗಳನ್ನು ರೋಬೋಟ್ಸ್ ಕಡತದಲ್ಲಿ (ಶೋಧ ಯಂತ್ರಗಳು ಎಲ್ಲಿಗೆ ಬರಬಾರದೆಂದು ಹೇಳುವ ಕಡತ) ತಡೆದು ಕೂರಬೇಡಿ. ಒಳಗೆ ಬರಲು ಬಿಡದಿದ್ದರೆ ಅಲ್ಲಿ ಬರೆದಿಟ್ಟ ರೀಡೈರೆಕ್ಟ್ ಗೂಗಲ್‌ಬಾಟ್‌ಗೆ ಕಾಣುವುದಾದರೂ ಹೇಗೆ?

ಕನ್ನಡ ಪುಟಗಳ ವಿಳಾಸ ಕನ್ನಡದಲ್ಲೇ ಇರಬೇಕೆ?

ಹೊಸ ಸೈಟಿನಲ್ಲಿ ಕನ್ನಡ ಸೇರಿಸುವವರು ಈ ಪ್ರಶ್ನೆಯನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು. ಕನ್ನಡ ಅಕ್ಷರಗಳ ವಿಳಾಸವನ್ನು ಗೂಗಲ್ ಚೆನ್ನಾಗಿಯೇ ಓದುತ್ತದೆ. ತೊಡಕಿರುವುದು ಉದ್ದದಲ್ಲಿ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು, ವಿಳಾಸದಲ್ಲಿ ಬರೆಯುವಾಗ ಪ್ರತಿ ಬೈಟೂ ಶೇಕಡಾ ಗುರುತಿನೊಂದಿಗೆ ಮೂರು ಅಕ್ಷರವಾಗುತ್ತದೆ; ಅಂದರೆ ಒಂದು ಚಿಹ್ನೆಗೆ ಒಂಬತ್ತು ಅಕ್ಷರ. ಕೊಂಬು, ಗುಡಿಸುಗಳನ್ನು ಬಿಡಿಯಾಗಿ ಎಣಿಸಿದರೆ 'ಕಲಬುರಗಿ' ಏಳು ಚಿಹ್ನೆಗಳ ಪದ. ವಿಳಾಸದಲ್ಲಿ ಅದು 63 ಅಕ್ಷರಗಳಷ್ಟು ಉದ್ದವಾಗುತ್ತದೆ. ವರ್ಡ್‌ಪ್ರೆಸ್ ಪುಟದ ಹೆಸರಿಗೆ ಕೊಡುವ ಜಾಗ 200 ಅಕ್ಷರ ಮಾತ್ರ. 'ಕಲಬುರಗಿ ತೊಗರಿಬೇಳೆ ಸಗಟು ದರ' ಎಂಬ ನಾಲ್ಕೇ ಪದಗಳ ಶೀರ್ಷಿಕೆ 201 ಅಕ್ಷರಗಳಾಗಿ, ಕೊನೆಯ 'ರ' ಹೊರಗುಳಿದು, ವಿಳಾಸ 'ದ' ಎಂಬಲ್ಲಿಗೆ ನಿಂತುಬಿಡುತ್ತದೆ. ಆದುದರಿಂದ ಹೊಸದಾಗಿ ಆರಂಭಿಸುವವರು ಕನ್ನಡ ಪುಟಗಳನ್ನು ಪ್ರತ್ಯೇಕ ಒಳವಿಭಾಗದಲ್ಲಿಟ್ಟು, ವಿಳಾಸವನ್ನು ಚಿಕ್ಕ ರೋಮನ್ ಲಿಪಿಯಲ್ಲಿ ಬರೆದು, ಶೀರ್ಷಿಕೆ ಮತ್ತು ಪಠ್ಯವನ್ನು ಮಾತ್ರ ಅಚ್ಚುಕಟ್ಟಾದ ಕನ್ನಡದಲ್ಲಿ ಇಡುವುದು ನನ್ನ ಸಲಹೆ. ಕನ್ನಡ ವಿಳಾಸಗಳು ಈಗಾಗಲೇ ಇದ್ದು, ಅವುಗಳಿಗೆ ಜನ ಬರುತ್ತಿದ್ದರೆ ಮಾತ್ರ ಅವನ್ನು ಮುಟ್ಟಲೇಬೇಡಿ.

ಹಳೆಯ 'ನುಡಿ' ತಂತ್ರಾಂಶದ ಅಕ್ಷರಶೈಲಿಯಲ್ಲಿ, ಯೂನಿಕೋಡ್ ಅಲ್ಲದ ಸಂಕೇತದಲ್ಲಿ ಮಾಡಿದ ಪುಟಗಳ ಕಥೆಯೇ ಬೇರೆ. ಅಲ್ಲಿನ ಕನ್ನಡ ಕಣ್ಣಿಗೆ ಕನ್ನಡ, ಗೂಗಲ್‌ಗೆ ಇಂಗ್ಲಿಷ್ ಅಕ್ಷರಗಳ ಗೋಜಲು. ಆ ಪುಟಗಳಿಗೆ ಕನ್ನಡ ಶೋಧದಲ್ಲಿ ಕಳೆದುಕೊಳ್ಳಲು ಸ್ಥಾನವೇ ಇಲ್ಲದ ಕಾರಣ ಧೈರ್ಯವಾಗಿ ಯೂನಿಕೋಡ್‌ಗೆ ಪರಿವರ್ತಿಸಿ, ವಿಳಾಸ ಮಾತ್ರ ಹಾಗೆಯೇ ಇರಲಿ.

ಮೂರನೆಯ ದಾರಿ: ಡೊಮೇನನ್ನೇ ಬದಲಿಸುವುದು

2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ಊರುಗಳ ಹೆಸರು ಬದಲಾದಾಗ ಗುಲ್ಬರ್ಗಾ ಕಲಬುರಗಿಯಾಯಿತು. ಬೀದರ್, ಯಾದಗಿರಿಗಳವರಿಗೆ ಈ ತಾಪತ್ರಯ ಬರಲಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾದಾಗ ಮಾತ್ರ ಸಂಸ್ಥೆಯ ಹೆಸರಿನಲ್ಲಿ ಪ್ರದೇಶವನ್ನು ಸೇರಿಸಿಕೊಂಡಿದ್ದ ಕೆಲವರಿಗೆ ಇದೇ ಪ್ರಶ್ನೆ ಎದುರಾಯಿತು. ಹೆಸರು ಬದಲಾದ ಮೇಲೆ ಡೊಮೇನೂ ಬದಲಾಗಲಿ ಎಂಬ ಆಸೆ ಸಹಜವೇ. ಆದರೆ ಹಳೆಯ ಹೆಸರು ಹಾಗೆ ಸುಲಭವಾಗಿ ಸಾಯುವುದಿಲ್ಲ. 1980ರಲ್ಲಿ ಆರಂಭವಾದ ವಿಶ್ವವಿದ್ಯಾಲಯ ಇಂದಿಗೂ ಗುಲ್ಬರ್ಗಾ ವಿಶ್ವವಿದ್ಯಾಲಯವೇ. ನಮ್ಮ ತೊಗರಿಬೇಳೆಗೆ 2019ರಲ್ಲಿ ದೊರೆತ ಭೌಗೋಳಿಕ ಸೂಚಕ ಮಾನ್ಯತೆ ಇರುವುದು 'ಗುಲ್ಬರ್ಗಾ ತೂರ್ ದಾಲ್' ಎಂಬ ಹೆಸರಿನಲ್ಲಿ. ಹೈದರಾಬಾದಿನ, ಸೊಲ್ಲಾಪುರದ ವರ್ತಕರು ಹುಡುಕುವಾಗ ಬೆರಳಿಗೆ ಬರುವುದೂ ಆ ಹೆಸರೇ. ಡೊಮೇನಿನಲ್ಲಿ ಊರಿನ ಹೊಸ ಹೆಸರಿದ್ದ ಮಾತ್ರಕ್ಕೆ ಸ್ಥಾನ ಮೇಲೇರುವುದಿಲ್ಲ. ಪುಟದ ಪಠ್ಯದಲ್ಲಿ 'ಕಲಬುರಗಿ (ಹಿಂದಿನ ಗುಲ್ಬರ್ಗಾ)' ಎಂದು ಸಹಜವಾಗಿ ಒಂದೆರಡು ಕಡೆ ಬರೆದರೆ ಎರಡೂ ಹೆಸರಿನವರು ನಿಮ್ಮನ್ನು ತಲುಪುತ್ತಾರೆ, ಡೊಮೇನ್ ಬದಲಿಸುವ ಅಪಾಯವೂ ತಪ್ಪುತ್ತದೆ.

ಬದಲಿಸಲೇಬೇಕಾದ ಸಂದರ್ಭಗಳೂ ಇವೆ. ಸಂಸ್ಥೆಯ ನೋಂದಾಯಿತ ಹೆಸರೇ ಬದಲಾಗಿರಬಹುದು, ಪಾಲುದಾರರು ಬೇರೆಯಾಗಿ ಡೊಮೇನ್ ಒಬ್ಬರ ಪಾಲಿಗೆ ಹೋಗಿರಬಹುದು, ಅಥವಾ ಇಷ್ಟು ದಿನ ಬಾಡಿಗೆಯ (ಇನ್ನೊಬ್ಬರ ಡೊಮೇನಿನ) ವಿಳಾಸದಲ್ಲಿ ಕುಳಿತಿರಬಹುದು. ಬಾಡಿಗೆ ವಿಳಾಸದ ಪಾಡು ಏನೆಂಬುದನ್ನು 2024ರ ಮಾರ್ಚ್‌ನಲ್ಲಿ ಬಹಳ ಅಂಗಡಿಗಳು ಕಂಡವು. ಗೂಗಲ್ ತನ್ನ ಬಿಸಿನೆಸ್ ಪ್ರೊಫೈಲ್ (ಗೂಗಲ್ ನಕ್ಷೆಯಲ್ಲಿ ಕಾಣುವ ಅಂಗಡಿಯ ವಿವರ) ಜೊತೆಗೆ ಉಚಿತವಾಗಿ ಕೊಟ್ಟಿದ್ದ ಚಿಕ್ಕ ಜಾಲತಾಣಗಳನ್ನು ಆಗ ಮುಚ್ಚಿತು. ಜೂನ್ 10ರವರೆಗೆ ಆ ವಿಳಾಸಗಳು ಪ್ರೊಫೈಲಿಗೆ ತಿರುಗುತ್ತಿದ್ದವು, ಆಮೇಲೆ ಅದೂ ನಿಂತಿತು. ಸ್ವಂತ ಡೊಮೇನ್ ಇಲ್ಲದ ಬೀದರಿನ ಬಿದ್ರಿ ಕುಶಲಕರ್ಮಿಗೆ ನಾನು ಹೇಳುವುದು ಇದನ್ನೇ: ಮೂರನೆಯ ದಾರಿ ನಿಮಗೆ ಅಪಾಯವಲ್ಲ, ಅಗತ್ಯ, ಇನ್ನೂ ಹೆಚ್ಚು ಜನ ಆ ಬಾಡಿಗೆ ವಿಳಾಸವನ್ನು ನೆಚ್ಚಿಕೊಳ್ಳುವ ಮೊದಲೇ ಹೊರಡಿ.

ಹೊರಡುವವರು ಹಳೆಯ ಡೊಮೇನಿನ ಪ್ರತಿ ಪುಟದಿಂದ ಹೊಸ ಡೊಮೇನಿನ ಅದೇ ಪುಟಕ್ಕೆ 301 ಬರೆದು, ಸರ್ಚ್ ಕನ್ಸೋಲ್‌ನಲ್ಲಿ ವಿಳಾಸ ಬದಲಾವಣೆಯ ಸಲಕರಣೆಯ ಮೂಲಕ ಗೂಗಲ್‌ಗೆ ತಿಳಿಸಬೇಕು. ಈ ಸಲಕರಣೆ ಡೊಮೇನ್ ಬದಲಾದಾಗ ಮಾತ್ರ, ಒಳಪುಟಗಳ ವಿಳಾಸ ಬದಲಾದಾಗ ಅಲ್ಲ. ಅದರ ಪ್ರಭಾವ 180 ದಿನಗಳಿಗೆ ಮುಗಿಯುತ್ತದೆಂದು ಕೆಲವರು ರೀಡೈರೆಕ್ಟ್‌ಗಳನ್ನೂ ಆಗಲೇ ತೆಗೆದುಬಿಡುತ್ತಾರೆ. ಕನಿಷ್ಠ ಒಂದು ವರ್ಷವಾದರೂ ಇರಲಿ ಎಂಬುದು ಗೂಗಲ್‌ನದೇ ಸೂಚನೆ. ಅದಕ್ಕೂ ಹೆಚ್ಚು ಇರಲಿ ಎನ್ನುತ್ತೇನೆ ನಾನು, ಏಕೆಂದರೆ ಚೀಲದ ಮೇಲಿನ ಅಚ್ಚು, ಲಾರಿ ಚೀಟಿ, ಹಳೆಯ ಇಮೇಲ್ ವಿಳಾಸ ಒಂದು ವರ್ಷಕ್ಕೆ ಸಾಯುವುದಿಲ್ಲ. ಈ ದಾರಿಯಲ್ಲಿ ವಿನ್ಯಾಸವನ್ನು ಜೊತೆಗೇ ಬದಲಿಸಬೇಡಿ. ಮೊದಲು ಹಳೆಯ ಸೈಟನ್ನು ಇದ್ದಂತೆಯೇ ಹೊಸ ಡೊಮೇನಿಗೆ ಒಯ್ಯಿರಿ, ಶೋಧದ ಅಂಕಿಗಳು ನೆಲೆಗೊಂಡ ಮೇಲೆ ಹೊಸ ರೂಪ ಕೊಡಿ.

ಒಮ್ಮೆಲೇ ಮಾಡುವುದೋ, ಭಾಗಭಾಗವಾಗಿಯೋ?

ಸಣ್ಣ ಮತ್ತು ಮಧ್ಯಮ ಗಾತ್ರದ ಸೈಟನ್ನು ಒಮ್ಮೆಲೇ ಸಾಗಿಸುವುದೇ ವಾಸಿ. ಸಾವಿರಾರು ಪುಟಗಳ ಪತ್ರಿಕೆ ಅಥವಾ ವಿಶ್ವವಿದ್ಯಾಲಯದ ಸೈಟಾದರೆ ಒಂದು ವಿಭಾಗವನ್ನು ಮೊದಲು ಸಾಗಿಸಿ ನೋಡಬಹುದು. ಇದಕ್ಕಿಂತ ದೊಡ್ಡ ಪ್ರಶ್ನೆ ತಿಂಗಳಿನದು. ಮಧ್ಯಮ ಗಾತ್ರದ ಸೈಟಿನ ಬಹುಪಾಲು ಪುಟಗಳು ಹೊಸ ವಿಳಾಸಕ್ಕೆ ಹೊಂದಿಕೊಳ್ಳಲು ಕೆಲವು ವಾರ ಬೇಕು, ಆ ವಾರಗಳಲ್ಲಿ ಸ್ಥಾನ ಏರಿಳಿಯುವುದು ಸಹಜ. ತೊಗರಿ ರಾಶಿಯಾಗಿ ಗಂಜಿಗೆ ಬರುವ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ದಾಲ್ ಮಿಲ್ಲಿನ ಸೈಟನ್ನು ಮುಟ್ಟಬಾರದು. ಪಿಯುಸಿ ಫಲಿತಾಂಶದಿಂದ ಪ್ರವೇಶ ಮುಗಿಯುವವರೆಗೆ ಕಾಲೇಜಿನದನ್ನು ಮುಟ್ಟಬಾರದು. ಮಿಲ್ಲಿಗೆ ಮುಂಗಾರಿನ ಬಿಡುವು, ಕಾಲೇಜಿಗೆ ದಸರೆಯ ಆಚೀಚೆ ಒಳ್ಳೆಯ ಹೊತ್ತು. ಹೋಸ್ಟಿಂಗ್ ಕೂಡ ಬದಲಾಗುತ್ತಿದ್ದರೆ ಹಿಂದಿನ ದಿನವೇ ಡಿಎನ್‌ಎಸ್‌ನ ಟಿಟಿಎಲ್ (ಹಳೆಯ ಸರ್ವರಿನ ಮಾಹಿತಿಯನ್ನು ನೆನಪಿಟ್ಟುಕೊಳ್ಳುವ ಅವಧಿ) ಅನ್ನು 300 ಸೆಕೆಂಡಿಗೆ ಇಳಿಸಿ, ಹಳೆಯ ಸರ್ವರನ್ನು ಒಂದೆರಡು ವಾರ ಉಳಿಸಿಕೊಳ್ಳಿ. ಮಧ್ಯೆ ಸೈಟು ಮುಚ್ಚಬೇಕಾಗಿ ಬಂದರೆ 'ಕೆಲಸ ನಡೆಯುತ್ತಿದೆ' ಎಂಬ ಪುಟ 503 (ತಾತ್ಕಾಲಿಕವಾಗಿ ಲಭ್ಯವಿಲ್ಲ) ಎಂಬ ಉತ್ತರದೊಂದಿಗೆ ಹೋಗಬೇಕು, 200ರೊಂದಿಗೆ (ಎಲ್ಲ ಸರಿಯಿದೆ) ಹೋದರೆ ಅದೇ ನಿಮ್ಮ ಮುಖಪುಟವೆಂದು ದಾಖಲಾದೀತು.

ಆಮೇಲೆ ಹೋಲಿಸುವಾಗ ಹಿಂದಿನ ತಿಂಗಳಿನೊಂದಿಗೆ ಹೋಲಿಸಬೇಡಿ, ಹಿಂದಿನ ವರ್ಷದ ಇದೇ ತಿಂಗಳಿನೊಂದಿಗೆ ಹೋಲಿಸಿ. ಜುಲೈನಲ್ಲಿ ತೊಗರಿಬೇಳೆಯ ಸಗಟು ವಿಚಾರಣೆ ಕಡಿಮೆಯಾದದ್ದಕ್ಕೆ ರೀಡೈರೆಕ್ಟ್ ಕಾರಣವಲ್ಲದಿರಬಹುದು. ಹಳೆಯ ಪಟ್ಟಿಯಲ್ಲಿ ಹೆಚ್ಚು ಜನರನ್ನು ತರುತ್ತಿದ್ದ ಇಪ್ಪತ್ತು ವಿಳಾಸಗಳನ್ನು ಮೊದಲ ವಾರ ದಿನಕ್ಕೊಮ್ಮೆ ಕೈಯಾರೆ ತೆರೆದು ನೋಡಿ, ಸರ್ಚ್ ಕನ್ಸೋಲ್‌ನ 404 ಪಟ್ಟಿಯನ್ನು ವಾರಕ್ಕೊಮ್ಮೆ ತಿರುವಿ ಹಾಕಿ.

ಕೊನೆಯದಾಗಿ ಗುತ್ತಿಗೆಯ ಮಾತು. ಕೆಲಸ ಒಪ್ಪಿಸುವ ಮೊದಲು ಡೊಮೇನ್ ಯಾರ ಹೆಸರಿನಲ್ಲಿ, ಯಾರ ಇಮೇಲಿನಲ್ಲಿ ನೋಂದಣಿಯಾಗಿದೆ ಎಂದು ನೋಡಿಕೊಳ್ಳಿ. ಅದು ಹಿಂದಿನ ವಿನ್ಯಾಸಗಾರರ ಹೆಸರಿನಲ್ಲಿದ್ದರೆ, ನವೀಕರಣದ ತಾರೀಖು ಬರುವ ಮುಂಚೆ ಅದನ್ನು ನಿಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳುವವರೆಗೆ ಈ ಮೂರು ದಾರಿಗಳಲ್ಲಿ ಯಾವುದನ್ನೂ ಆರಂಭಿಸಬೇಡಿ.